ಹೊಲದ ನಂಬರು ಕಡಲು ದಾಟಿದ್ದು

ಬೈಲಹೊಂಗಲ

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ಸಾಕು, ರಾಣಿಯ ಅರಮನೆ ನೋಡಿದಿರಾ, ಥೇಮ್ಸ್ ನದಿ ನೋಡಿದಿರಾ, ಹಿಮ ಮುಟ್ಟಿದಿರಾ ಎಂದು ಜನ ಕೇಳುತ್ತಾರೆ. ಅರಮನೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ಹಿಮವನ್ನು ಮುಟ್ಟಿದೆ, ಬೆರಳು ಜೋಮು ಹಿಡಿಯಿತು. ಉಳಿದ ದಿನಗಳಲ್ಲಿ ನಾನು ನೋಡಿದ್ದು ಬೀಗವಿಲ್ಲದ ಒಂದು ಕಪಾಟನ್ನು. ಅದನ್ನು ಕಾಯ್ದು ಕಾಯ್ದು ರವಿಕೆಗಳೆಲ್ಲ ಸಡಿಲವಾದವು. ಸುಂದರ ದೃಶ್ಯಗಳನ್ನು ಬಯಸುವವರು ಈಗಲೇ ಪುಟ ತಿರುವಿದರೆ ನನಗೇನೂ ಬೇಸರವಿಲ್ಲ.

ನನ್ನ ತವರು ಬೈಲಹೊಂಗಲ. ಕೆಲಸ ಧಾರವಾಡದ ಒಂದು ಕೃಷಿ ಸಂಶೋಧನಾ ಕಚೇರಿಯಲ್ಲಿ, ಅಂಕಿ ಅಂಶಗಳ ವಿಭಾಗದಲ್ಲಿ. ಎಪ್ಪತ್ತರ ದಶಕದ ನಡುವೆ ನಮ್ಮ ಕಚೇರಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿತು. ಹೊಲದಲ್ಲಿ ಏನು ಬೆಳೆದಿರಿ, ಬೀಜ ಯಾರದು, ಎತ್ತು ಯಾರವು, ರಾಶಿಯಾದ ಮೇಲೆ ಜೋಳ ಯಾರ ಮನೆಗೆ ಎಷ್ಟು ಹೋಯಿತು ಎಂದು ಕೇಳುವುದು ನಮ್ಮ ಕೆಲಸ. ಬೆಳೆ, ಬೀಜ, ಎತ್ತುಗಳ ಬಗ್ಗೆ ಜನ ಉಮೇದಿನಿಂದ ಮಾತಾಡುತ್ತಿದ್ದರು. ಜೋಳ ಯಾರ ಮನೆಗೆ ಹೋಯಿತು ಎಂದ ಕೂಡಲೇ ಎದ್ದು ದನಕ್ಕೆ ನೀರು ಕುಡಿಸಲು ಹೋಗುತ್ತಿದ್ದರು.

ಕಾರಣವಿತ್ತು. ಉಳುವವನಿಗೇ ಹೊಲ ಎಂಬ ಕಾನೂನು ಹೊಸದಾಗಿ ಬಂದಿತ್ತು. ಪಾಲಿಗೆ ಉಳುವವರು ಅರ್ಜಿ ಹಾಕಿಕೊಂಡರೆ ಭೂನ್ಯಾಯಮಂಡಳಿ ವಿಚಾರಿಸಿ ಹೊಲವನ್ನು ಅವರ ಹೆಸರಿಗೆ ಮಾಡಬಹುದಿತ್ತು. ಆದರೆ ಎಷ್ಟೋ ಕಡೆ ಕಾಗದವೇ ಇರಲಿಲ್ಲ. ಪಹಣಿಯಲ್ಲಿ ಧಣಿಯೇ ಸ್ವತಃ ಉಳುತ್ತಿದ್ದ, ಹೊಲದಲ್ಲಿ ಇನ್ನೊಬ್ಬರ ಕೂರಿಗೆ ನಡೆಯುತ್ತಿತ್ತು. ಬಾಯಿ ಬಿಟ್ಟರೆ ಅರ್ಜಿ ಹಾಕುವ ಮೊದಲೇ ಹೊಲ ಬಿಡಿಸಿಯಾರು ಎಂಬ ಹೆದರಿಕೆ ಎಲ್ಲರಿಗೂ.

ಸಂಪಗಾಂವದ ಆಚೆಯ ಒಂದು ಹಳ್ಳಿಯಲ್ಲಿ ಗಂಗವ್ವ ಇದ್ದಳು. ಗಂಡ ತೀರಿಕೊಂಡ ಮೇಲೆ ಅವನು ಉಳುತ್ತಿದ್ದ ಹೊಲವನ್ನು ತಾನೇ ನಿಂತು ಬಿತ್ತಿಸುತ್ತಿದ್ದಳು. ನಾನು ಹೋದಾಗಲೆಲ್ಲ ಬಿಸಿ ರೊಟ್ಟಿ ಕೊಡುತ್ತಿದ್ದಳೇ ಹೊರತು ಉತ್ತರ ಕೊಡುತ್ತಿರಲಿಲ್ಲ. ಒಂದು ದಿನ ಒಲೆಯ ಮುಂದೆ ಕೂತು, ರೊಟ್ಟಿ ಬಡಿಯುತ್ತಲೇ ಹೇಳಿದಳು.

“ಪಾಲು ಕೊಡೂದು ಖರೇ ಐತ್ರಿ ಬಾಯಾರ. ಅರ್ಧಾ ಧಣ್ಯಾರ ವಾಡೇಕ, ಅರ್ಧಾ ನನಗ. ಆದ್ರ ಇದು ನಿಮ್ಮ ಹೊಟ್ಟ್ಯಾಗ ಇರ್ಲಿ. ನಾ ಹೇಳೇನಂತ ಧಣ್ಯಾರ ಕಿವಿಗೆ ಬಿತ್ತಂದ್ರ ಬರೋ ಹಿಂಗಾರಿಗೆ ನನ್ನ ಕೂರಿಗಿ ಆ ಹೊಲಕ್ಕ ಇಳಿಯಂಗಿಲ್ಲ.”

“ನಿಮ್ಮ ಹೆಸರು ಎಲ್ಲೂ ಹೋಗೂದಿಲ್ಲ ಗಂಗವ್ವಾ. ಬರೇ ನಂಬರ್ ಹೋಗತಾವ,” ಎಂದೆ.

“ನೀವು ಅಂದ್ರ ಆತು ಬಿಡ್ರಿ,” ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಹೆಸರಿದ್ದ ಹಾಳೆಗಳನ್ನು ಕಚೇರಿಯ ತಿಜೋರಿಯಲ್ಲಿಟ್ಟು ಬೀಗ ಹಾಕಿದೆವು. ಹೆಸರಿಲ್ಲದ ಅಂಕಿಗಳನ್ನು ರಟ್ಟಿನ ಕಾರ್ಡುಗಳ ಮೇಲೆ ತೂತು ಹೊಡೆದು ಬರೆದೆವು. ಅವನ್ನು ಓದುವ ಗಣಕಯಂತ್ರ ನಮ್ಮ ಸೀಮೆಯಲ್ಲಿರಲಿಲ್ಲ. ಇಂಗ್ಲೆಂಡಿನ ಒಂದು ಸಂಸ್ಥೆ ತನ್ನ ಯಂತ್ರ ಕೊಡಲು ಒಪ್ಪಿತ್ತು. ಕಾರ್ಡಿನ ಪೆಟ್ಟಿಗೆಗಳ ಜೊತೆ ಹೋಗಿ ಬರಲು ನನ್ನನ್ನು ಆರಿಸಿದರು. ಉಳಿದ ಗಂಡಸರೆಲ್ಲ ಚಳಿಗೆ ಹೆದರಿದರು ಎಂದು ಆಮೇಲೆ ತಿಳಿಯಿತು.

ಹೊರಡುವ ದಿನ ಅವ್ವ ಶೇಂಗಾ ಚಟ್ನಿ ಕಟ್ಟಿಕೊಡುತ್ತ, “ಆ ರಟ್ಟು ಜ್ವಾಪಾನಾ ಮಾಡತಿ, ಮೈ ಜ್ವಾಪಾನಾ ಮಾಡ್ಕೋ ತಂಗಿ,” ಎಂದಳು. ನನಗೆ ಮಾತ್ರ ಮೈಗಿಂತ ರಟ್ಟಿನದೇ ಚಿಂತೆಯಾಗಿತ್ತು.

ಸಾಂತಾಕ್ರೂಜ್

ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರು ಪೆಟ್ಟಿಗೆ ಬಿಚ್ಚಿಸಿದರು. ಒಬ್ಬರು ಒಂದು ಕಾರ್ಡನ್ನು ಬೆಳಕಿಗೆ ಹಿಡಿದು ತೂತಿನೊಳಗಿಂದ ನನ್ನನ್ನು ನೋಡಿದರು. ಇಲಿ ಕಡಿದಿದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಇದು ಜೋಳದ ಲೆಕ್ಕ ಎಂದೆ. ಜೋಳ ಎಲ್ಲಿ ಎಂದರು. ತಿಂದಾಯಿತು, ಲೆಕ್ಕ ಮಾತ್ರ ಉಳಿದಿದೆ ಎಂದೆ. ಅವರಿಗೆ ನಗು ಬಂತು, ಬಿಟ್ಟರು. ಚಟ್ನಿಯ ಡಬ್ಬಿಯನ್ನು ಮಾತ್ರ ಬಹಳ ಹೊತ್ತು ಅನುಮಾನದಿಂದ ಮೂಸಿದರು.

ವಿಮಾನದಲ್ಲಿ ಪೆಟ್ಟಿಗೆಗಳು ಕೆಳಗಿನ ಸಾಮಾನಿನ ಕೋಣೆಗೆ ಹೋದವು. ಅವು ಬೇರೆ ಊರಿನಲ್ಲಿ ಇಳಿದುಹೋದರೆ ಏನು ಗತಿ ಎಂದು ಯೋಚಿಸುತ್ತ ಮೋಡಗಳನ್ನು ನೋಡಲಿಲ್ಲ. ಪಕ್ಕದ ಹೆಂಗಸು ನನಗೆ ವಿಮಾನದ ಭಯವೆಂದು ತಿಳಿದು ಕೈ ಹಿಡಿದುಕೊಂಡಳು. ನಾನೂ ಬಿಡಿಸಿಕೊಳ್ಳಲಿಲ್ಲ.

ಲಂಡನ್

ಪೆಟ್ಟಿಗೆಗಳು ಬಂದವು. ಬಂದದ್ದೇ ತಡ, ಕೈಗಾಡಿಯಿಂದ ಜಾರಿ ಒಂದರ ತಳ ಒಡೆಯಿತು. ಸವದತ್ತಿ, ರಾಮದುರ್ಗಗಳ ಕಾರ್ಡುಗಳೆಲ್ಲ ಹೊಳೆಯುವ ನೆಲದ ಮೇಲೆ ಹರಡಿದವು.

ನಮ್ಮ ಹುಬ್ಬಳ್ಳಿ ಸ್ಟೇಷನ್ನಿನಲ್ಲಾದರೆ ಜನ ಸುತ್ತ ನಿಂತು, ಹಗ್ಗ ಬಿಗಿಯಬೇಕಿತ್ತು ಎಂದು ಬುದ್ಧಿ ಹೇಳಿ, ಆಮೇಲೆ ಯಾರೋ ಒಬ್ಬರು ಬಗ್ಗುತ್ತಿದ್ದರು. ಇಲ್ಲಿ ಯಾರೂ ಮಾತಾಡಲಿಲ್ಲ. ಸುತ್ತಲಿದ್ದವರು ಸುಮ್ಮನೆ ಮೊಣಕಾಲೂರಿ ಕಾರ್ಡು ಆರಿಸತೊಡಗಿದರು. ಒಬ್ಬ ಮುದುಕಿ ಒಂದೊಂದನ್ನೂ ಊದಿ ಧೂಳು ತೆಗೆದು ಕೊಡುತ್ತಿದ್ದಳು. ಬೀಳಿಸಿದ್ದು ನಾನು, ಕ್ಷಮಿಸಿ ಎನ್ನುತ್ತಿದ್ದವಳು ಅವಳು. ಈ ದೇಶದಲ್ಲಿ ತಪ್ಪು ಯಾರದೇ ಇರಲಿ, ಕ್ಷಮೆ ಕೇಳುವ ಸರದಿ ಹತ್ತಿರ ನಿಂತವರದು ಎಂದು ಅಂದೇ ಕಲಿತೆ.

ನನಗೋ ಒಳಗೊಳಗೆ ಅಳುಕು. ಇಷ್ಟು ಜನರ ಕೈಗೆ ಹೋಯಿತಲ್ಲ, ಓದಿಬಿಟ್ಟರೆ? ಓದುವುದಕ್ಕೆ ಅಲ್ಲಿ ತೂತಿನ ಹೊರತು ಏನಿತ್ತು! ಆದರೂ ಮುದುಕಿಯ ಕೈಯಿಂದ ಕಾರ್ಡನ್ನು ಕಸಿದುಕೊಂಡಂತೆಯೇ ತೆಗೆದುಕೊಂಡೆ. ಅವಳು ಮತ್ತೊಮ್ಮೆ ಕ್ಷಮೆ ಕೇಳಿದಳು.

ಸಂಸ್ಥೆಯ ಊರು

ಸಂಸ್ಥೆಯಿದ್ದ ಊರು ಚಿಕ್ಕದು. ಊರ ಹೊರಗೆ ಒಂದು ತೋಟದ ಮನೆಯ ಗೇಟಿನ ಮುಂದೆ ಮೇಜು, ಮೇಜಿನ ಮೇಲೆ ಕೋಳಿಮೊಟ್ಟೆ, ಪಕ್ಕಕ್ಕೆ ದುಡ್ಡು ಹಾಕಲು ತಗಡಿನ ಡಬ್ಬಿ. ಮಾರುವವರು ಯಾರೂ ಇಲ್ಲ. ಬೇಕಾದವರು ಮೊಟ್ಟೆ ತೆಗೆದುಕೊಂಡು ದುಡ್ಡು ಹಾಕಿ ಹೋಗುತ್ತಾರೆ. ಯರಗಟ್ಟಿ ಸಂತೆಯಲ್ಲಿ ಹೀಗೆ ಇಟ್ಟರೆ ಸಂಜೆಗೆ ಮೇಜಾದರೂ ಉಳಿದೀತೇ ಎಂದು ನಾನು ಅನುಮಾನದಿಂದ ಅಲ್ಲೇ ಸುಳಿದಾಡಿದೆ. ಮನೆಯೊಳಗಿಂದ ಒಬ್ಬಾಕೆ ಬಂದು, ಚಿಲ್ಲರೆ ಬೇಕೇ ಎಂದು ಕೇಳಿದಳು. ನಾಚಿಕೆಯಾಗಿ, ಬೇಡದ ಮೊಟ್ಟೆ ಕೊಂಡುಕೊಂಡೆ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಬಾಡಿಗೆ ಮನೆಯೊಡತಿಗೆ ಕೊಟ್ಟುಬಿಟ್ಟೆ.

ಸಂಸ್ಥೆಯೂ ಆ ಮೊಟ್ಟೆಯ ಮೇಜಿನ ಹಾಗೆಯೇ ಇತ್ತು. ಓಣಿಯಂಥ ಉದ್ದನೆಯ ಪಡಸಾಲೆಯಲ್ಲಿ ಒಂದು ಕಬ್ಬಿಣದ ಕಪಾಟು. ಅದಕ್ಕೆ ಬಾಗಿಲಿದೆ, ಬೀಗವಿಲ್ಲ. ಒಳಗೆ ವೇಲ್ಸಿನ ಕುರಿಗಳ ಲೆಕ್ಕ, ಕೀನ್ಯಾದ ಚಹಾದ ಲೆಕ್ಕ, ಸಿಲೋನಿನ ಭತ್ತದ ಲೆಕ್ಕ. ಹೊರಗಿನವರು ಕಾರ್ಡು ತಂದರೆ ಮೊದಲು ಯಂತ್ರ ಅದರ ಇನ್ನೊಂದು ಪ್ರತಿ ಮಾಡುತ್ತದೆ. ಆ ಪ್ರತಿ ಕಪಾಟಿಗೆ ಹೋಗುತ್ತದೆ. ಸಂಸ್ಥೆಯ ಯಾರು ಬೇಕಾದರೂ ತೆಗೆದುಕೊಂಡು ಹೋಗಿ ಓದಬಹುದು.

“ಯಂತ್ರ ನಮ್ಮದು, ಅಂಕಿ ನಿಮ್ಮದು, ಕಪಾಟು ಎಲ್ಲರದು,” ಎಂದರು ವಿಭಾಗದ ಮುಖ್ಯಸ್ಥ ಡಾಕ್ಟರ್ ಮಾರ್ಟಿನ್. ಉದ್ದನೆಯ ಆಳು, ಅಂಗಿಯ ಮೊಣಕೈಗೆ ತೇಪೆ.

ನನಗೆ ಇದು ಬಹಳ ಹಿಡಿಸಿತು, ಸುಳ್ಳು ಹೇಳುವುದಿಲ್ಲ. ನಮ್ಮಲ್ಲಿ ಒಬ್ಬ ಹಿರಿಯರು ಹತ್ತಿಯ ಪ್ರಯೋಗ ಮಾಡಿ, ಯಾರಾದರೂ ಕದ್ದಾರೆಂದು ಹಾಳೆಗಳನ್ನು ಯಾರಿಗೂ ತೋರಿಸದೆ ಇಟ್ಟಿದ್ದರು. ಕಡೆಗೆ ಅವನ್ನು ಗೆದ್ದಲು ಓದಿ ಮುಗಿಸಿತು. ಇಲ್ಲಿ ಕೀನ್ಯಾದವನ ತಪ್ಪನ್ನು ಸಿಲೋನಿನವನು ಕಾಫಿ ಕುಡಿಯುತ್ತ ಹಿಡಿದು ಹೇಳುತ್ತಿದ್ದ, ಇಬ್ಬರೂ ನಗುತ್ತಿದ್ದರು. ಹೆಸರುಗಳಿಲ್ಲ ತಾನೇ ಎಂದು ಮಾರ್ಟಿನ್ ಕೇಳಿದರು. ಇಲ್ಲ, ಬರೇ ನಂಬರು ಎಂದೆ. ಖುಷಿಯಿಂದಲೇ ಕಪಾಟಿನಲ್ಲಿ ನಮ್ಮ ಪ್ರತಿಯನ್ನು ಇಡಿಸಿದೆ.

ಒಂದು ಮಾತ್ರ ಬಾಕಿ ಇತ್ತು. ಕಾರ್ಡಿನ ಅಂಕಿಗಳಿಗೆ ಏನರ್ಥ ಎಂದು ತಿಳಿಸುವ ಸಂಕೇತದ ಹಾಳೆ. ಒಂದು ಎಂದರೆ ಸ್ವಂತ ಸಾಗುವಳಿ, ಎರಡು ಎಂದರೆ ಕೂಲಿ, ಮೂರು ಎಂದರೆ ಕಾಗದವಿಲ್ಲದ ಪಾಲು. ಅದು ಕನ್ನಡದಲ್ಲಿತ್ತು. ಇಂಗ್ಲಿಷಿಗೆ ಮಾಡಿ ಕೊಡುತ್ತೇನೆಂದು ನನ್ನ ಚೀಲದಲ್ಲೇ ಇಟ್ಟುಕೊಂಡಿದ್ದೆ. ಆ ಹಾಳೆಯಿಲ್ಲದೆ ಕಾರ್ಡುಗಳು ಮೂಗರಿದ್ದಂತೆ.

ಶಿವಾನಂದನ ಖೋಲಿ

ಕಾಫಿಯ ಹೊತ್ತಿಗೆ ಒಬ್ಬ ಹುಡುಗ ನೇರ ನನ್ನೆಡೆಗೆ ಬಂದು, “ಬೈಲಹೊಂಗಲದವರೇನ್ರಿ ಅಕ್ಕಾರ?” ಎಂದ. ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಕಣ್ಣು ತುಂಬಿದವು. ಅವನು ಶಿವಾನಂದ, ಅಲ್ಲಿ ಮಣ್ಣಿನ ವಿಷಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದ. ಯಾವ ಊರು ಎಂದು ಕೇಳಿದೆ. ಗಂಗವ್ವನ ಊರು. ಯಾರ ಮಗ ಎಂದು ಕೇಳಿದೆ. ವಾಡೆಯ ಧಣಿಯರ ಕಿರಿಯ ಮಗ.

ಆದರೂ ಊಟಕ್ಕೆ ಕರೆದಾಗ ಹೋದೆ. ವಾರಗಟ್ಟಲೆ ಬರೇ ಬೇಯಿಸಿದ ಆಲೂಗಡ್ಡೆ ತಿಂದವಳು ಜೋಳದ ರೊಟ್ಟಿ ಎಂದರೆ ಯಾರ ಮನೆಗಾದರೂ ಹೋಗುತ್ತಾಳೆ. ಅವನೇ ಕಡಲೆಹಿಟ್ಟಿನ ಜುಣಕ ಮಾಡಿದ್ದ. ರೊಟ್ಟಿ ಮಾತ್ರ ಭೂಪಟದಂತೆ ಬಂದಿತ್ತು. ಅದನ್ನು ತೋರಿಸಿ, “ಇದು ರಾಮದುರ್ಗ, ಇದು ಸವದತ್ತಿ, ಹರದು ತಿನ್ರಿ,” ಎಂದು ನಗಿಸಿದ. ಒಳ್ಳೆಯ ಹುಡುಗ.

ಊಟದ ನಡುವೆ ಎದ್ದು ಹೋಗಿ ಅಗಲವಾದ ಕಾಗದದ ಒಂದು ಮಡಿಕೆ ತಂದ. ನಮ್ಮ ಕಾರ್ಡುಗಳ ಅಂಕಿಗಳನ್ನು ಯಂತ್ರದಿಂದ ಅಚ್ಚು ಹಾಕಿಸಿಕೊಂಡಿದ್ದ.

“ಕಪಾಟಿನ್ಯಾಗ ಕಾರ್ಡಿನ ಕಟ್ಟಿನ ಮ್ಯಾಲ ನಮ್ಮ ಊರಿನ ಹೆಸರು ನೋಡಿ ಎದಿ ತುಂಬಿ ಬಂತ್ರಿ ಅಕ್ಕಾರ. ಇಲ್ಲಿ ನೋಡ್ರಿ, ಇದು ನಮ್ಮ ಹಳ್ಳದ ದಂಡಿ ಹೊಲ. ಇದು ಬೇವಿನ ಗಿಡದ್ದು. ನಂಬರ್ ನೋಡಿದ್ರ ಸಾಕು, ಹೊಲಾನ ಕಣ್ಣ ಮುಂದ ಬಂದು ನಿಂದರತೇತಿ.”

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ನಾವು ಕಾರ್ಡಿನ ಮೇಲೆ ಹೊಡೆಸಿದ್ದ ನಂಬರು ಬೇರೆ ಯಾವುದೂ ಅಲ್ಲ, ಹೊಲದ ಸರ್ವೆ ನಂಬರು. ನಮ್ಮ ಕಚೇರಿಯಲ್ಲಿ ಬೇರೆ ನಂಬರು ಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಮ್ಮ ಕಡೆ ಹೊಲವೆಂದರೇ ನಂಬರು, ಮಂದಿ ಮಕ್ಕಳನ್ನು ಕರೆಯುವ ಹೆಸರಿನಷ್ಟೇ ಬಳಕೆಯಲ್ಲಿ ಅದನ್ನು ಹೇಳುತ್ತಾರೆ. ಇಂಗ್ಲೆಂಡಿನವರ ಕಣ್ಣಿಗೆ ಅದು ಬರೇ ಅಂಕಿ. ಸಂಪಗಾಂವದ ಸುತ್ತ ಹುಟ್ಟಿದವರ ಕಣ್ಣಿಗೆ ಅದು ಹೆಸರು, ಮನೆ, ಮುಖ ಎಲ್ಲವೂ.

“ಇದು ಗಂಗವ್ವ ದುಡಿಯೋ ಹೊಲ,” ಎಂದು ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು. “ಇದರ ಮುಂದ ಮೂರು ಅಂತ ಐತಿ. ನಮ್ಮವು ಉಳಿದ ಹೊಲದ ಮುಂದ ಒಂದು ಐತಿ. ಮೂರು ಅಂದ್ರ ಏನ್ರಿ ಅಕ್ಕಾರ?”

“ಹಾಳಿ ನೋಡಿ ಹೇಳಬೇಕಪ್ಪಾ,” ಎಂದೆ. ಹಾಳೆ ನನಗೆ ಬಾಯಿಪಾಠವಿತ್ತು.

“ಆತ್ರಿ, ಹೆಂಗೂ ಅದೂ ಕಪಾಟಿಗೆ ಬರತೇತಲ್ಲ,” ಎಂದು ಜುಣಕ ಬಡಿಸಿದ.

ಕಾಫಿಯ ಹೊತ್ತು

ಮರುದಿನದಿಂದ ನನ್ನ ಊಟ, ನಿದ್ದೆ ಎರಡೂ ಹಾಳಾದವು. ಕೆಲಸಕ್ಕೆ ಬಂದ ಕೂಡಲೇ ಕಪಾಟು ನೋಡುತ್ತಿದ್ದೆ. ಪ್ರತಿ ಇದ್ದರೆ ಯಾರಾದರೂ ಒಯ್ದಾರೆಂದು ಚಿಂತೆ, ಇಲ್ಲದಿದ್ದರೆ ಯಾರು ಒಯ್ದರೆಂದು ಚಿಂತೆ. ಪ್ರತಿಯನ್ನು ಎತ್ತಿ ಕುರಿಗಳ ಲೆಕ್ಕದ ಹಿಂದೆ ಬಚ್ಚಿಡುತ್ತಿದ್ದೆ. ಯಾರೋ ಪುಣ್ಯಾತ್ಮರು ಅದನ್ನು ತೆಗೆದು ಮತ್ತೆ ಮುಂದೆ ಅಚ್ಚುಕಟ್ಟಾಗಿ ಇಡುತ್ತಿದ್ದರು.

ಕಾಫಿಯ ಹೊತ್ತಿಗೆ ಮಾರ್ಟಿನ್ ಸಂಕೇತದ ಹಾಳೆ ಕೇಳುತ್ತಿದ್ದರು. “ಅವಸರವೇನೂ ಇಲ್ಲ,” ಎನ್ನುತ್ತಿದ್ದರು. ಅವಸರವಿಲ್ಲವಲ್ಲ ಎಂದು ನಾನು ನೆಮ್ಮದಿಯಿಂದ ಮುಂದೂಡಿದೆ. ಕಾರ್ಡಿಗೆ ತೂತು ಹೊಡೆಯುವ ವಿಭಾಗದ ಡೋರೀನ್ ಎಂಬ ದಪ್ಪ ಕನ್ನಡಕದ ಹೆಂಗಸು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ಅವರು ಅವಸರವಿಲ್ಲ ಎಂದರೆ ನಿನ್ನೆಯೇ ಕೊಡಬೇಕಿತ್ತು ಎಂದರ್ಥ ಎಂದು ಹೇಳಿದಳು. ನಮ್ಮ ಸಾಹೇಬರು ಅವಸರವಿದ್ದರೆ ಮೇಜು ಗುದ್ದುತ್ತಾರೆ. ಅದೇ ಎಷ್ಟೋ ಸಲೀಸು.

ಬೇರೆ ದಾರಿ ಕಾಣದೆ ಮಾರ್ಟಿನ್ನರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಶಿವಾನಂದನ ಹೆಸರು ಹೇಳಲಿಲ್ಲ.

“ಆದರೆ ಹೆಸರುಗಳಿಲ್ಲವಲ್ಲ?” ಎಂದರು.

“ಆ ನಂಬರೇ ಹೆಸರು,” ಎಂದೆ.

ಅವರಿಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯಿತು. ಒಬ್ಬ ಹೆಂಗಸು ಒಲೆಯ ಮುಂದೆ ಹೇಳಿದ್ದು, ಅವಳ ಹೊಲ ಹೋಗುವ ಹೆದರಿಕೆ, ಪಹಣಿ, ವಾಡೆ. ನನ್ನ ಇಂಗ್ಲಿಷ್ ಅಲ್ಲಲ್ಲಿ ಕೈಕೊಟ್ಟಿತು. ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿದರು.

“ನಿಯಮ ನಾನು ಮುರಿಯಲಾರೆ,” ಎಂದರು ಕಡೆಗೆ. “ಹಂಚಿಕೊಳ್ಳದಿದ್ದರೆ ಯಂತ್ರ ಕೊಡುವಂತಿಲ್ಲ. ಆದರೆ ನಂಬರು ಬದಲಿಸಬಾರದೆಂಬ ನಿಯಮವಿಲ್ಲ. ಹೊಸ ನಂಬರು ಹಾಕಿ ಎಲ್ಲ ಕಾರ್ಡು ಮತ್ತೆ ಮಾಡಿರಿ. ಹಳೆಯದು ಯಾವುದು ಹೊಸದು ಯಾವುದು ಎಂಬ ಪಟ್ಟಿ ನಿಮ್ಮ ಹತ್ತಿರ ಮಾತ್ರ ಇರಲಿ. ಹಳೆಯ ಪ್ರತಿ ಸುಟ್ಟುಬಿಡೋಣ. ಯಾರಾದರೂ ಒಯ್ದಿದ್ದರೆ ಮರಳಿ ಕೇಳಿರಿ.”

ಮರಳಿ ಕೇಳಿರಿ! ಅವರು ಅದನ್ನು ಛತ್ರಿ ಮರಳಿ ಕೇಳುವಷ್ಟು ಹಗುರಾಗಿ ಹೇಳಿದರು. ಯಾಕೆ ಬೇಕು ಎಂದು ಶಿವಾನಂದ ಕೇಳಿದರೆ ಏನು ಹೇಳಲಿ? ನಿನ್ನ ಊರಿನ ಸಾಲಿನಲ್ಲಿ ನೀನು ನೋಡಬಾರದ್ದು ಇದೆ ಎಂದೇ? ಕೇಳಿದರೆ ಹೇಳಿದಂತೆ. ಕೇಳದಿದ್ದರೆ ಹಾಳೆ ಕಪಾಟಿಗೆ ಬಂದ ದಿನ ಅವನೇ ಓದಿಕೊಳ್ಳುತ್ತಾನೆ. ಅಂದು ಸಂಸ್ಥೆಯ ಹಿಂದಿನ ಹುಲ್ಲುಗಾವಲಿನಲ್ಲಿ ಸುಮ್ಮನೆ ಸುತ್ತು ಹಾಕಿದೆ. ಒಂದು ಕುರಿ ನನ್ನನ್ನೇ ನೋಡುತ್ತಿತ್ತು. ನಿನಗೇನವ್ವಾ, ನಿನ್ನ ಲೆಕ್ಕ ಯಾರು ಓದಿದರೂ ನಡೆಯುತ್ತದೆ ಎಂದು ಅದಕ್ಕೆ ಗಟ್ಟಿಯಾಗಿಯೇ ಹೇಳಿದೆ.

ತೂತು ಹೊಡೆಯುವ ಕೋಣೆ

ಡೋರೀನ್ ನನಗೆ ಯಂತ್ರದ ಮುಂದೆ ಕೂರಲು ಕಲಿಸಿದಳು. ಮೊದಮೊದಲು ನಾನು ಹೊಡೆದ ಕಾರ್ಡುಗಳಿಂದ ಬುಟ್ಟಿ ತುಂಬುತ್ತಿತ್ತು. ಅವಳು ಬೈಯಲಿಲ್ಲ. ಪಕ್ಕದಲ್ಲಿ ಚಹಾ ಇಟ್ಟು, ಮಳೆ ಬರುವಂತಿದೆ ಎನ್ನುತ್ತಿದ್ದಳು. ಮಳೆ ಬರುತ್ತಲೇ ಇರುತ್ತಿತ್ತು. ಗಂಗವ್ವನ ಹೊಲಕ್ಕೆ, ಕಿತ್ತೂರಿನ, ರಾಮದುರ್ಗದ ಎಲ್ಲ ಹೊಲಗಳಿಗೆ ಯಾರಿಗೂ ಗುರುತು ಸಿಗದ ಹೊಸ ನಂಬರು ಕೊಡುತ್ತ ಹೋದೆ. ಬೆರಳ ತುದಿಗಳು ಊದಿಕೊಂಡವು. ಆ ದಿನಗಳಲ್ಲಿ ಮಾತ್ರ ಸ್ವಲ್ಪ ಸಮಾಧಾನವಿತ್ತು.

ಎಲ್ಲ ಮುಗಿದು, ಮುಂದೂಡಲು ನೆಪಗಳೂ ಮುಗಿದ ಮೇಲೆ ಶಿವಾನಂದನ ಖೋಲಿಗೆ ಹೋದೆ. ಅವನು ಶೂ ಒರೆಸುತ್ತ ಕೂತಿದ್ದ.

“ಆ ಅಚ್ಚಿನ ಕಾಗದ ನನಗ ಕೊಟ್ಟಬಿಡು ಶಿವಾನಂದ. ನಂಬರ್ ಬದಲಿ ಮಾಡೇವಿ. ಹಳೇದು ಯಾರ ಹತ್ರಾನೂ ಇರಬಾರದು,” ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಸುಳ್ಳುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಅವನು ಬಹಳ ಹೊತ್ತು ಶೂ ಒರೆಸಿದ. ಆಮೇಲೆ ಎದ್ದು ಹಾಸಿಗೆಯ ಕೆಳಗಿನಿಂದ ಕಾಗದ ತೆಗೆದು ಮಡಿಸಿ ನನ್ನ ಕೈಗೆ ಕೊಟ್ಟ.

“ಮೂರು ಅಂದ್ರ ಏನಂತ ನಾ ಕೇಳಂಗಿಲ್ರಿ. ಆದ್ರ ಒಂದ್ ಮಾತು ಅಕ್ಕಾರ. ನಾ ನಿಮ್ಮನ್ನ ನಮ್ಮ ಕಡ್ಯಾಕಿ ಅಂತ ರೊಟ್ಟಿ ಹಾಕಿದ್ದೆ. ನೀವು ನನ್ನ ವಾಡೇದ ಮಗಾ ಅಂತ ನೋಡಿದ್ರಿ.”

ನಾನು ನೋಡಿದ್ದು ಹಾಗೆಯೇ. ಅಂದಿನಿಂದ ಅವನು ಕಾಫಿಯ ಹೊತ್ತಿಗೆ ದೂರದ ಕುರ್ಚಿಯಲ್ಲಿ ಕೂಡುತ್ತಿದ್ದ. ಎದುರಾದರೆ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ, ಹವೆ ಚೆನ್ನಾಗಿದೆ ಎನ್ನುತ್ತಿದ್ದ. ಆ ದೇಶದಲ್ಲಿ ನನಗೆ ಬಹಳ ನೋವು ಕೊಟ್ಟದ್ದು ಆ ಇಂಗ್ಲಿಷ್.

ಹಳೆಯ ಪ್ರತಿಗಳನ್ನು ಸಂಸ್ಥೆಯ ಹಿತ್ತಲಿನಲ್ಲಿ ಮಾರ್ಟಿನ್ ತಮ್ಮ ಕೈಯಿಂದಲೇ ಸುಟ್ಟರು. ಹೊಸ ಕಾರ್ಡು, ಹೊಸ ಹಾಳೆ ಎರಡೂ ಕಪಾಟಿಗೆ ಹೋದವು. ಯಂತ್ರ ಲೆಕ್ಕ ಮುಗಿಸಿ ಕೊಟ್ಟಿತು. ಗಂಗವ್ವನಿಗೆ ಕೊಟ್ಟ ಮಾತು ಉಳಿಯಿತೆಂದು ಎದೆ ಹಗುರಾಗಿ ವಿಮಾನ ಹತ್ತಿದೆ. ಬರುವಾಗ ಮೋಡಗಳನ್ನೂ ನೋಡಿದೆ, ಚೆನ್ನಾಗಿದ್ದವು.

ಧಾರವಾಡ

ಕಚೇರಿಗೆ ಹೋದ ಮೊದಲ ದಿನ ಪಟ್ಟಿಯನ್ನು ತಿಜೋರಿಯಲ್ಲಿಡಲು ಹೆಡ್ ಕ್ಲಾರ್ಕ್ ಬಿಷ್ಟಪ್ಪನವರ ಹತ್ತಿರ ಕೀಲಿ ಕೇಳಿದೆ. ಹಸನ್ಮುಖಿ ಮನುಷ್ಯರು. ನಾನಿಲ್ಲದಾಗ ನಡೆದದ್ದನ್ನೆಲ್ಲ ಹೇಳುತ್ತ ಹೇಳುತ್ತ, ಸಂಪಗಾಂವದ ಕಡೆಯ ಧಣಿಯರೊಬ್ಬರು ಬಂದು ಹೋದದ್ದನ್ನೂ ಹೇಳಿದರು.

“ಮಗಾ ಇಂಗ್ಲೆಂಡದಿಂದ ಬರದಿದ್ನಂತ್ರಿ ಬಾಯಾರ, ನಮ್ಮ ಹೊಲದ ನಂಬರ್ ಇಲ್ಲಿ ಛಾಪಾ ಆಗ್ಯಾವ ಅಂತ. ಭಾಳ ಅಭಿಮಾನದಿಂದ ಬಂದಿದ್ರು. ನಮ್ಮ ಊರಿನ ಹಾಳಿ ನೋಡತೇವಂದ್ರು.”

“ತೋರಿಸಿದ್ರೇನು? ಹೆಸರ ಇದ್ದ ಹಾಳಿ?”

“ಅಂಥಾ ದೊಡ್ಡವರು ಖುದ್ದ ಬಂದು ಕೇಳಿದ್ರ ಇಲ್ಲ ಅನ್ನಾಕ ಬರತೇತೇನ್ರಿ? ಬೀಗ ತಗದು ತೋರಿಸಿದ್ನಿ. ಚಹಾನೂ ತರಿಸಿದ್ನಿ.”

ಬೀಗವಿಲ್ಲದ ಕಪಾಟಿನಿಂದ ಕಾಪಾಡಿದ್ದನ್ನು ಬೀಗವಿದ್ದ ತಿಜೋರಿ ಬಿಟ್ಟುಕೊಟ್ಟಿತ್ತು. ನಮ್ಮಲ್ಲಿ ಅಂಕಿಗಳನ್ನು ಹಂಚಿಕೊಳ್ಳುವುದಿಲ್ಲ ಎಂದು ಇಂಗ್ಲೆಂಡಿನಲ್ಲಿ ಎಲ್ಲರಿಗೂ ಹೇಳಿ ಬಂದಿದ್ದೆ, ಅದು ಸುಳ್ಳು. ಹಂಚಿಕೊಳ್ಳುತ್ತೇವೆ, ಯಾರಿಗೆ ಎಂಬುದಷ್ಟೇ ಬೇರೆ. ಶಿವಾನಂದ ಆ ಪತ್ರವನ್ನು ನಾನು ಅಚ್ಚಿನ ಕಾಗದ ಮರಳಿ ಕೇಳುವ ಮೊದಲೇ, ಬರೇ ಖುಷಿಯಿಂದ ಬರೆದಿದ್ದ ಎಂದು ನಂಬಿದ್ದೇನೆ. ನಂಬದೆ ಇರಲು ನನಗೆ ಧೈರ್ಯವಿಲ್ಲ.

ಸಂಪಗಾಂವದ ದಾರಿ

ಬಸ್ಸು ಹತ್ತಿ ಗಂಗವ್ವನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬರ್ರಿ ಎಂದಳು, ಕುಂದರ್ರಿ ಎಂದಳು. ರೊಟ್ಟಿ ತಿನ್ನುತ್ತೀರಾ ಎಂದು ಕೇಳಲಿಲ್ಲ.

“ಹೊಟ್ಟ್ಯಾಗ ಇಟ್ಕೋರಿ ಅಂದಿದ್ದೆ ಬಾಯಾರ.”

“ಇಟ್ಕೊಂಡಿದ್ದೆ ಗಂಗವ್ವಾ,” ಎಂದೆ. ಅಳು ಬಂತು. ಏನಾಯಿತೆಂದು ಎಲ್ಲ ಹೇಳಿದೆ, ಇಂಗ್ಲೆಂಡು, ಕಪಾಟು, ನಂಬರು, ಬಿಷ್ಟಪ್ಪನವರ ಚಹಾ. ಅವಳು ಮೊರ ಕೇರುವುದನ್ನು ನಿಲ್ಲಿಸದೆ ಕೇಳಿದಳು.

“ಹಿಂಗಾರಿಗೆ ಎತ್ತು ತರಬ್ಯಾಡ ಅಂದಾರ ಧಣ್ಯಾರು. ಆಳಿನ ಕೈಯ್ಯಾಗ ಹೇಳಿ ಕಳಿಸಿದ್ರು,” ಎಂದಳು. “ಇಷ್ಟ ದಿನಾ ಹೊಲ ಹೋಗತೇತಿ ಅಂತ ಸುಮ್ಮಿದ್ದೆ. ಈಗ ಸುಮ್ಮಿದ್ರೂ ಹೋಗತೇತಿ. ಅದಕ್ಕ ಅರ್ಜಿ ಹಾಕೇನಿ. ಕಾಗದಿಲ್ಲ, ಸಾಕ್ಷಿ ಬೇಕಂತಾರ. ಊರಾಗ ಯಾರೂ ಮುಂದ ಬರವಲ್ರು. ನೀವು ಬರ್ತೀರೇನ್ರಿ? ನಾ ಹೇಳಿದ್ದು, ನೀವು ಕಂಡಿದ್ದು, ಅಷ್ಟ ಹೇಳ್ರಿ.”

ಬರತೇನಿ ಎಂದು ಹೇಳುವ ಮೊದಲು ನನ್ನ ಕೆಲಸ, ಸಾಹೇಬರು, ವಾಡೆ ಎಲ್ಲ ನೆನಪಾದದ್ದನ್ನು ಅವಳು ನೋಡಿದಳೆಂದು ಕಾಣುತ್ತದೆ. ಮೊರದ ಕಡೆ ಮುಖ ತಿರುಗಿಸಿದಳು.

“ಬರತೇನಿ,” ಎಂದೆ.

ಮತ್ತೆ ಬೈಲಹೊಂಗಲ

ಕಚೇರಿಯಲ್ಲಿ ಅನುಮತಿ ಕೇಳಿದೆ. ಸಮೀಕ್ಷೆಯ ಮಾಹಿತಿ ಗುಪ್ತವಾದದ್ದು, ಹೊರಗೆ ಹೇಳುವಂತಿಲ್ಲ ಎಂದು ಸಾಹೇಬರು ಮೇಜು ಗುದ್ದಿ ಹೇಳಿದರು. ಧಣಿಯರು ಚಹಾ ಕುಡಿಯುತ್ತ ಓದಿದ ಹಾಳೆ ಭೂನ್ಯಾಯಮಂಡಳಿಯ ಮುಂದೆ ಮಾತ್ರ ಗುಪ್ತವಾಗಿತ್ತು. ಮಾಹಿತಿ ಕೊಟ್ಟವಳೇ ಹೇಳಿರೆಂದು ಕೇಳಿಕೊಂಡ ಮೇಲೆ ಅದನ್ನು ಮುಚ್ಚಿಡುವ ಹಕ್ಕು ಯಾರಿಗಿದೆ ಎಂದು ಕೇಳಿದೆ. ರಜೆ ಚೀಟಿ ಬರೆದಿಟ್ಟು ಬಂದೆ.

ಮಂಡಳಿ ಕೂತಿದ್ದ ಕೋಣೆಯಲ್ಲಿ ಮುಂದಿನ ಸಾಲಿನಲ್ಲೇ ಧಣಿಯರು ಕೂತಿದ್ದರು. ಶಿವಾನಂದನ ಮೂಗು, ಅವನದೇ ಹಣೆ. ನನ್ನನ್ನು ನೋಡಿ ಸೌಜನ್ಯದಿಂದ ಕೈ ಮುಗಿದರು. ನಾನೂ ಮುಗಿದು, ಕರೆದ ಕಡೆ ಹೋಗಿ ನಿಂತೆ.

“ಈ ನಂಬರಿನ ಹೊಲದಾಗ ಯಾರು ಬಿತ್ತೂದನ್ನ ನೀವು ಕಂಡೀರಿ?” ಎಂದು ಮಂಡಳಿಯವರು ಕೇಳಿದರು.

ನಾನು ಗಂಗವ್ವನ ಹೆಸರು ಹೇಳಿದೆ. ಕೇಳಿಸಲಿಲ್ಲ, ಜೋರಾಗಿ ಹೇಳ್ರಿ ಎಂದರು. ಅವಳ ಹೆಸರು, ಅವಳ ಗಂಡನ ಹೆಸರು, ಅಡ್ಡಹೆಸರು ಎಲ್ಲ ಸೇರಿಸಿ ಹೊರಗಿನ ಕಟ್ಟೆಯ ಮೇಲೆ ಕೂತವರಿಗೂ ಕೇಳುವಂತೆ ಹೇಳಿದೆ.

ತೀರ್ಪು ಇನ್ನೂ ಬಂದಿಲ್ಲ. ಮಾಹಿತಿ ಹೊರಗೆ ಹೇಳಿದ್ದೇಕೆ ಎಂದು ಕೇಳಿದ ಕಚೇರಿಯ ಮೆಮೊ ಮಾತ್ರ ಬಂದಿದೆ. ಹಿಂಗಾರಿ ಬಿತ್ತನೆ ಹತ್ತಿರವಾಗುತ್ತಿದೆ. ಯಾರ ಎತ್ತು ಆ ಹೊಲಕ್ಕೆ ಇಳಿಯುತ್ತವೆಂದು ಇದನ್ನು ಬರೆಯುವಾಗಲೂ ಗೊತ್ತಿಲ್ಲ, ಅದೇ ಯೋಚನೆಯಲ್ಲಿ ಹಗಲುಗಳು ಕಳೆಯುತ್ತಿವೆ.

ಅಂದು ವಿಚಾರಣೆ ಮುಗಿದ ಮೇಲೆ ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಗಂಗವ್ವನ ಬಸ್ಸು ಬಂತು. ಎದ್ದು ಸೆರಗು ಸರಿಮಾಡಿಕೊಂಡಳು.

“ಹೊಲ ಬರಲಿ ಬಿಡಲಿ ಬಾಯಾರ. ಸರಕಾರದವರ ಮುಂದ ನನ್ನ ಹೆಸರು ಇವತ್ತು ಮೊದಲನೇ ಸಲ ಯಾರೋ ಜೋರಾಗಿ ಹೇಳಿದ್ರು. ನನ್ನ ಗಂಡ ಇರಬೇಕಿತ್ರಿ ಕೇಳಾಕ,” ಎಂದು ಹೇಳಿ ಬಸ್ಸು ಹತ್ತಿದಳು.